ಪಿಕೆಎಎನ್ ಕಾಯಿಲೆ ಮತ್ತು ಮೆದುಳಿನ ಎಂಆರ್‌ಐ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಎಂಆರ್‌ಐ ವರದಿಯಲ್ಲಿ ‘ಐ ಆಫ್ ದ ಟೈಗರ್’ ಎಂಬ ಮಾತನ್ನು ಓದಿ ಗಾಬರಿಯಾದ ತಂದೆತಾಯಿಯರಿಗಾಗಿ, ಮತ್ತು ಅವರಿಗೆ ವಿವರಿಸಿ ಹೇಳಬೇಕಾದ ಬಂಧುಗಳಿಗಾಗಿ, ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಚಿಕಿತ್ಸೆಯ ವಿಚಾರಕ್ಕಿಂತ ಸ್ಕ್ಯಾನಿನ ವಿಚಾರಕ್ಕೆ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ.

ಪಿಕೆಎಎನ್ ಎಂದರೆ ಯಾವ ಕಾಯಿಲೆ?

ಪ್ಯಾಂಟೊಥಿನೇಟ್ ಕೈನೇಸ್ ಎಂಬ ಕಿಣ್ವದ ಕೊರತೆಯಿಂದ ನರಕೋಶಗಳು ಕ್ರಮೇಣ ನಶಿಸುವ ಆನುವಂಶಿಕ ಕಾಯಿಲೆ ಇದು. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ ಪಿಕೆಎಎನ್ ಆಗಿದೆ. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಮೂವರಿಗೆ ಇರಬಹುದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ನಾವು ತಿನ್ನುವ ಆಹಾರದಲ್ಲಿರುವ ಬಿ5 ಜೀವಸತ್ವವನ್ನು ‘ಕೋಎನ್‌ಜೈಮ್ ಎ’ ಎಂಬ ಅತ್ಯಗತ್ಯ ವಸ್ತುವಾಗಿ ಮಾರ್ಪಡಿಸುವ ಕೆಲಸದ ಮೊದಲ ಹೆಜ್ಜೆಯನ್ನು ಈ ಕಿಣ್ವ ನಡೆಸಿಕೊಡುತ್ತದೆ. ಅದನ್ನು ತಯಾರಿಸುವ ಸೂಚನೆಯಿರುವ ಪ್ಯಾಂಕ್2 ಜೀನ್ 20ನೆಯ ಕ್ರೋಮೋಸೋಮಿನಲ್ಲಿದ್ದು, ಕಾಯಿಲೆಗೂ ಅದಕ್ಕೂ ಇರುವ ಸಂಬಂಧ 2001ರಲ್ಲಿ ಪತ್ತೆಯಾಯಿತು.

ಬಾಲ್ಯದಲ್ಲಿ ಶುರುವಾಗುವ ರೂಪದಲ್ಲಿ ಸಾಮಾನ್ಯವಾಗಿ ಆರು ವರ್ಷದೊಳಗೆ ಮಗುವಿನ ನಡಿಗೆ ಕೆಡುತ್ತದೆ, ಪದೇ ಪದೇ ಬೀಳುತ್ತದೆ, ಆಮೇಲೆ ಕೈಕಾಲು, ಕುತ್ತಿಗೆ, ನಾಲಿಗೆಗಳು ತಾವಾಗಿ ತಿರುಚಿಕೊಳ್ಳುವ ಡಿಸ್ಟೋನಿಯಾ ಕಾಣಿಸಿಕೊಳ್ಳುತ್ತದೆ. ಅನೇಕ ಮಕ್ಕಳಲ್ಲಿ ಕಣ್ಣಿನ ರೆಟಿನಾ ಕೂಡ ಹಾನಿಗೊಳಗಾಗುವುದರಿಂದ ಮೊದಲು ಇರುಳುಗುರುಡು ಬರಬಹುದು. ಹದಿಹರೆಯದಲ್ಲಿ ಅಥವಾ ನಂತರ ಆರಂಭವಾಗುವ ಇನ್ನೊಂದು ರೂಪ ನಿಧಾನವಾಗಿ ಮುಂದುವರಿಯುತ್ತದೆ. ಅಲ್ಲಿ ಮಾತು ತೊದಲುವುದು, ಒಂದೇ ಪದವನ್ನು ಮತ್ತೆ ಮತ್ತೆ ಹೇಳುವುದು, ಸಿಟ್ಟು ಅಥವಾ ಖಿನ್ನತೆಯಂತಹ ಸ್ವಭಾವದ ಬದಲಾವಣೆಗಳು ಮೊದಲು ಕಾಣಿಸಿಕೊಳ್ಳುವುದರಿಂದ ಕೆಲವರು ಮನೋವೈದ್ಯರ ಬಳಿ ಬಹಳ ಕಾಲ ಓಡಾಡಿದ ಮೇಲೆ ನರರೋಗ ತಜ್ಞರನ್ನು ತಲುಪುತ್ತಾರೆ.

ವರದಿಯಲ್ಲಿರುವ ‘ಹುಲಿಯ ಕಣ್ಣು’ ಎಂದರೇನು?

ಮೆದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಗ್ಲೋಬಸ್ ಪ್ಯಾಲಿಡಸ್ ಎಂಬ ಎರಡು ನರಕೋಶಗಳ ಗುಂಪುಗಳಿವೆ. ಚಲನವಲನವನ್ನು ಹದದಲ್ಲಿಡುವುದು ಅವುಗಳ ಮುಖ್ಯ ಕೆಲಸ. ಎಂಆರ್‌ಐ ಯಂತ್ರ ತೆಗೆಯುವ ಹಲವು ಬಗೆಯ ಚಿತ್ರಗಳಲ್ಲಿ ‘ಟಿ2’ ಎಂಬ ಬಗೆಯಲ್ಲಿ, ಪಿಕೆಎಎನ್ ಇರುವವರ ಈ ಭಾಗ ಸುತ್ತಲೂ ಕಡುಗಪ್ಪಾಗಿ, ಮುಂಭಾಗದ ಒಳಬದಿಯಲ್ಲಿ ಮಾತ್ರ ಒಂದು ಬೆಳ್ಳನೆಯ ಚುಕ್ಕೆಯೊಂದಿಗೆ ಕಾಣಿಸುತ್ತದೆ. ಎರಡೂ ಬದಿಯನ್ನು ಒಟ್ಟಿಗೆ ನೋಡಿದಾಗ ಕತ್ತಲೆಯಲ್ಲಿ ಹೊಳೆಯುವ ಜೋಡಿ ಕಣ್ಣುಗಳ ನೆನಪಾಗುತ್ತದೆ. 1988ರಲ್ಲಿ ಕಪಿಲ್ ಸೇಠಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಲೇಖನದಿಂದ ಈ ಹೋಲಿಕೆ ವೈದ್ಯಲೋಕದಲ್ಲಿ ನೆಲೆಯೂರಿತು. ರೇಡಿಯಾಲಜಿಸ್ಟರಿಗೆ ಇಂತಹ ಹೋಲಿಕೆಗಳೆಂದರೆ ಪ್ರೀತಿ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಚಿತ್ರದಲ್ಲಿ ಅವರು ಪಾಂಡಾ ಕರಡಿಯ ಮುಖವನ್ನೂ ಗುರುತಿಸಿದ್ದಾರೆ. ಈ ಹೆಸರು ಕಾಯಿಲೆಯ ತೀವ್ರತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಪ್ಪು ಏಕೆ, ನಡುವೆ ಬಿಳುಪು ಏಕೆ?

ಕಪ್ಪಿಗೆ ಕಾರಣ ಕಬ್ಬಿಣ. ಎಂಆರ್‌ಐ ಯಂತ್ರ ಪ್ರಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ದೇಹದ ನೀರಿನ ಹೈಡ್ರೋಜನ್ ಪರಮಾಣುಗಳಿಂದ ಬರುವ ಸಂಕೇತವನ್ನು ಹಿಡಿದು ಚಿತ್ರ ಕಟ್ಟುತ್ತದೆ. ಕಬ್ಬಿಣ ಶೇಖರವಾದ ಕಡೆ ಆ ಕ್ಷೇತ್ರ ಸಣ್ಣ ಪ್ರಮಾಣದಲ್ಲಿ ಏರುಪೇರಾಗುವುದರಿಂದ, ಒಂದೇ ತಾಳದಲ್ಲಿದ್ದ ಪರಮಾಣುಗಳು ಬೇಗನೆ ತಾಳ ತಪ್ಪುತ್ತವೆ, ಸಂಕೇತ ಕ್ಷೀಣಿಸುತ್ತದೆ, ಆ ಜಾಗ ಕಪ್ಪಾಗಿ ಕಾಣುತ್ತದೆ. ನಡುವಿನ ಬಿಳಿ ಚುಕ್ಕೆ ನರಕೋಶಗಳು ನಶಿಸಿ, ಅಂಗಾಂಶ ಸಡಿಲವಾಗಿ, ನೀರಿನ ಅಂಶ ಹೆಚ್ಚಾಗಿರುವ ಜಾಗ. ಆದ್ದರಿಂದ ಓದುಗರು ಸಾಮಾನ್ಯವಾಗಿ ಊಹಿಸುವುದಕ್ಕೆ ವಿರುದ್ಧವಾಗಿ, ಹಾನಿಯ ಹೆಚ್ಚಿನ ಪಾಲು ಕಪ್ಪಿನಲ್ಲಿಲ್ಲ, ಆ ಬಿಳಿಯಲ್ಲಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಆರೋಗ್ಯವಂತರಿಗೂ ಕಬ್ಬಿಣ ಇರುತ್ತದೆ. ಹುಟ್ಟಿದ ಮಗುವಿನಲ್ಲಿ ಅದು ಅತ್ಯಲ್ಪ. ವಯಸ್ಸಾದಂತೆ ಏರುತ್ತಾ ಹೋಗಿ, ವಯಸ್ಕರಲ್ಲಿ ಪ್ರತಿ 100 ಗ್ರಾಂ ಅಂಗಾಂಶಕ್ಕೆ ಸುಮಾರು 21 ಮಿಲಿಗ್ರಾಂ ತಲುಪುತ್ತದೆಂದು 1958ರಷ್ಟು ಹಿಂದೆಯೇ ಅಳೆದು ತೋರಿಸಲಾಗಿದೆ. ಹೀಗಾಗಿ ಐವತ್ತು ವರ್ಷದವರ ಚಿತ್ರದಲ್ಲಿ ಸಹಜವೆನಿಸುವ ಕಪ್ಪು, ಐದು ವರ್ಷದ ಮಗುವಿನಲ್ಲಿ ಅಸಹಜ. ಯಂತ್ರದ ಅಯಸ್ಕಾಂತದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ; 3 ಟೆಸ್ಲಾ ಯಂತ್ರದಲ್ಲಿ 1.5 ಟೆಸ್ಲಾ ಯಂತ್ರಕ್ಕಿಂತ ಕಬ್ಬಿಣ ಇನ್ನೂ ಕಪ್ಪಾಗಿ ಕಾಣುತ್ತದೆ. ಎರಡು ಬೇರೆ ಬೇರೆ ಕೇಂದ್ರಗಳ ಫಿಲ್ಮ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಈ ವರ್ಷ ಕಪ್ಪು ಜಾಸ್ತಿಯಾಗಿದೆ’ ಎಂದು ತೀರ್ಮಾನಿಸುವುದು ಇದೇ ಕಾರಣಕ್ಕೆ ಸರಿಯಲ್ಲ.

ಹುಲಿಯ ಕಣ್ಣು ಕಂಡಿತೆಂದರೆ ಪಿಕೆಎಎನ್ ಖಚಿತವೇ?

ಬಹುಮಟ್ಟಿಗೆ ಹೌದು, ಆದರೆ ಪೂರ್ತಿಯಾಗಿ ಅಲ್ಲ. 98 ಕುಟುಂಬಗಳ 123 ರೋಗಿಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾಂಕ್2 ಜೀನಿನಲ್ಲಿ ದೋಷವಿದ್ದವರೆಲ್ಲರಲ್ಲೂ ಈ ಚಿಹ್ನೆಯಿತ್ತು, ದೋಷವಿಲ್ಲದವರಲ್ಲಿ ಇರಲಿಲ್ಲ. ಚಿತ್ರಕ್ಕೂ ಜೀನಿಗೂ ಅಷ್ಟು ಅಚ್ಚುಕಟ್ಟಾದ ಹೊಂದಾಣಿಕೆ ನರರೋಗಗಳಲ್ಲಿ ಬಹಳ ಅಪರೂಪ. ಆಮೇಲಿನ ವರ್ಷಗಳಲ್ಲಿ ಎರಡೂ ಬದಿಯ ಅಪವಾದಗಳು ವರದಿಯಾದವು.

ಪಿಕೆಎಎನ್, ಮೆದುಳಿನಲ್ಲಿ ಕಬ್ಬಿಣ ಸೇರುವ ಎನ್‌ಬಿಐಎ ಎಂಬ ಕಾಯಿಲೆಗಳ ಕುಟುಂಬದ ಒಬ್ಬ ಸದಸ್ಯ ಮಾತ್ರ. ಅದೇ ಕುಟುಂಬದ ಎಂಪಿಎಎನ್ ಎಂಬ ಕಾಯಿಲೆಯಲ್ಲಿ ಗ್ಲೋಬಸ್ ಪ್ಯಾಲಿಡಸ್‌ನ ಒಳ ಮತ್ತು ಹೊರ ಭಾಗಗಳ ನಡುವೆ ಒಂದು ಬಿಳಿ ಗೆರೆ ಉಳಿದಿರುತ್ತದೆ. ಆತುರದಲ್ಲಿ ನೋಡುವವರಿಗೆ ಅದು ಹುಲಿಯ ಕಣ್ಣಿನಂತೆಯೇ ತೋರಬಹುದು. ಬಿಪಿಎಎನ್ ಎಂಬ ಇನ್ನೊಂದರಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ, ಚಲನೆಗೆ ಸಂಬಂಧಿಸಿದ ಮೆದುಳಿನ ಇನ್ನೊಂದು ಭಾಗವೇ ಮುಖ್ಯವಾಗಿ ಬಾಧಿತವಾಗಿ, ‘ಟಿ1’ ಚಿತ್ರದಲ್ಲಿ ಅದರ ಸುತ್ತ ಬೆಳಕಿನ ವರ್ತುಲ ಕಾಣುತ್ತದೆ. ಪಿಎಲ್‌ಎಎನ್‌ನಲ್ಲಿ ಕಿರುಮೆದುಳು ಕುಗ್ಗಿರುತ್ತದೆ. ನವಜಾತ ಶಿಶುವಿಗೆ ಬಂದ ತೀವ್ರ ಕಾಮಾಲೆ ಅಥವಾ ಇದ್ದಿಲ ಹೊಗೆಯಿಂದಾದ ಕಾರ್ಬನ್ ಮೊನಾಕ್ಸೈಡ್ ವಿಷ ಕೂಡ ಇದೇ ಜಾಗವನ್ನು ಬೆಳ್ಳಗಾಗಿಸಬಲ್ಲವು, ಆದರೆ ಅವುಗಳಲ್ಲಿ ಸುತ್ತಲಿನ ಕಬ್ಬಿಣದ ಕಪ್ಪು ಅಂಚು ಇರುವುದಿಲ್ಲ.

ಇದೇ ಹಂತದಲ್ಲಿ ವೈದ್ಯರು ವಿಲ್ಸನ್ ಕಾಯಿಲೆಗಾಗಿ ರಕ್ತದಲ್ಲಿನ ಸೆರುಲೋಪ್ಲಾಸ್ಮಿನ್ (ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನ್) ಪರೀಕ್ಷೆ ಮತ್ತು ಕಣ್ಣಿನ ತಪಾಸಣೆ ಬರೆದುಕೊಟ್ಟರೆ ‘ಇದು ಬೇಡದ ಖರ್ಚು’ ಎಂದುಕೊಳ್ಳಬಾರದು. ಅದು ತಾಮ್ರ ಶೇಖರವಾಗುವ ಕಾಯಿಲೆ, ಲಕ್ಷಣಗಳು ಹತ್ತಿರದವು, ಮತ್ತು ಮುಖ್ಯವಾಗಿ ಅದಕ್ಕೆ ಪರಿಣಾಮಕಾರಿ ಔಷಧವಿದೆ. ಚಿಕಿತ್ಸೆಯಿರುವ ಕಾಯಿಲೆಯನ್ನು ತಪ್ಪಿಸಿಬಿಡುವುದಕ್ಕಿಂತ ದೊಡ್ಡ ಪ್ರಮಾದ ಇಲ್ಲಿ ಇನ್ನೊಂದಿಲ್ಲ.

ಒಟ್ಟಿನಲ್ಲಿ ಎಂಆರ್‌ಐ ಯಾವ ಜೀನನ್ನು ಪರೀಕ್ಷಿಸಬೇಕೆಂದು ದಾರಿ ತೋರಿಸುತ್ತದೆ. ಕಾಯಿಲೆಯ ಹೆಸರನ್ನು ಖಚಿತಪಡಿಸಬೇಕಾದ್ದು ಪ್ಯಾಂಕ್2 ಜೀನ್ ಪರೀಕ್ಷೆ.

ಮೊದಲ ಎಂಆರ್‌ಐನಲ್ಲಿ ಏನೂ ಇಲ್ಲ ಎಂದಿದ್ದರು, ಈಗ ಇದೆ ಎನ್ನುತ್ತಾರೆ. ಮೊದಲಿನವರು ತಪ್ಪು ಮಾಡಿದರೇ?

ಹಾಗೆ ಆಗಿರಲೇಬೇಕೆಂದಿಲ್ಲ. ತೀರಾ ಚಿಕ್ಕ ವಯಸ್ಸಿನಲ್ಲಿ ಗ್ಲೋಬಸ್ ಪ್ಯಾಲಿಡಸ್ ಬರೀ ಬೆಳ್ಳಗೆ ಕಾಣಿಸಿ, ಸುತ್ತಲಿನ ಕಪ್ಪು ನಂತರ ಕೂಡಿಕೊಳ್ಳಬಹುದು. ಹಲವು ವರ್ಷಗಳ ಕಾಯಿಲೆಯ ಬಳಿಕ ಕಬ್ಬಿಣ ಹೆಚ್ಚುತ್ತಾ ಹೋಗಿ ನಡುವಿನ ಚುಕ್ಕೆ ಮಸುಕಾಗುವುದೂ ಉಂಟು. ಸ್ಕ್ಯಾನ್ ಮಾಡಿದ ಕ್ರಮವೂ ಮುಖ್ಯ: ಬೇಗ ಮುಗಿಯಲೆಂದು ಬಳಸುವ ‘ಫಾಸ್ಟ್ ಸ್ಪಿನ್ ಎಕೋ’ ಚಿತ್ರಗಳು ಕಬ್ಬಿಣವನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ‘ಗ್ರೇಡಿಯೆಂಟ್ ಎಕೋ’ ಅಥವಾ ‘ಎಸ್‌ಡಬ್ಲ್ಯುಐ’ ಚಿತ್ರಗಳು ಹಿಡಿಯುತ್ತವೆ. ಆದರೆ ಎಸ್‌ಡಬ್ಲ್ಯುಐ ಒಂದನ್ನೇ ನಂಬಿದರೆ ಕಪ್ಪು ಎಲ್ಲವನ್ನೂ ನುಂಗಿ, ಕಣ್ಣಿನ ಪಾಪೆಯಂತಿರುವ ಬಿಳಿ ಚುಕ್ಕೆಯೇ ಮರೆಯಾಗಬಹುದು. ಎರಡೂ ಬಗೆಯ ಚಿತ್ರಗಳಿರಬೇಕು. ಚೀಟಿಯಲ್ಲಿ ‘ಡಿಸ್ಟೋನಿಯಾ, ಕಬ್ಬಿಣ ಶೇಖರಣೆಯ ಶಂಕೆ’ ಎಂದು ವೈದ್ಯರು ಬರೆದಿದ್ದರೆ ಸ್ಕ್ಯಾನಿಂಗ್ ಕೇಂದ್ರದವರಿಗೆ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ; ಬರೀ ‘ಎಂಆರ್‌ಐ ಬ್ರೈನ್’ ಎಂದಷ್ಟೇ ಇದ್ದರೆ ಎಲ್ಲರಿಗೂ ಮಾಡುವ ಸಾಮಾನ್ಯ ಸ್ಕ್ಯಾನ್ ಆಗುತ್ತದೆ.

ಸಿಟಿ ಸ್ಕ್ಯಾನ್ ಅಗ್ಗ, ಬೇಗ ಆಗುತ್ತದೆ. ಅದು ಸಾಲದೇ?

ಸಾಲದು. ಸಿಟಿಯಲ್ಲಿ ಹುಲಿಯ ಕಣ್ಣು ಕಾಣುವುದಿಲ್ಲ, ಜೊತೆಗೆ ಮಗು ಕ್ಷಕಿರಣಕ್ಕೆ ಒಡ್ಡಿಕೊಳ್ಳುತ್ತದೆ. ಎಂಆರ್‌ಐನಲ್ಲಿ ಕ್ಷಕಿರಣ ಇಲ್ಲ. ಇಂತಹ ಶಂಕೆಯಲ್ಲಿ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ದ್ರವವನ್ನು ರಕ್ತನಾಳಕ್ಕೆ ಚುಚ್ಚುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ.

ಮಗುವಿಗೆ ಅಲುಗಾಡದೆ ಮಲಗಲು ಆಗುವುದೇ ಇಲ್ಲ. ಸ್ಕ್ಯಾನ್ ಹೇಗೆ ಮಾಡುತ್ತಾರೆ?

ಡಿಸ್ಟೋನಿಯಾ ಇರುವ ಮಗುವಿಗೆ ‘ಸುಮ್ಮನೆ ಮಲಗು ಪುಟ್ಟ’ ಎಂದು ಹೇಳಿ ಪ್ರಯೋಜನವಿಲ್ಲ. ಮೈ ಸೆಡೆಯುವುದು ಅದರ ಹತೋಟಿಯಲ್ಲಿಲ್ಲ; ಯಂತ್ರದ ಸದ್ದಿಗೆ ಹೆದರಿದರೆ ಸೆಡೆತ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ನಿದ್ರೆ ಬರಿಸಿ ಅಥವಾ ಪೂರ್ಣ ಅರಿವಳಿಕೆ ಕೊಟ್ಟು ಸ್ಕ್ಯಾನ್ ಮಾಡುವುದು ರೂಢಿ. ಅರಿವಳಿಕೆಯಲ್ಲಿ ಸ್ನಾಯುಗಳ ಸೆಡೆತ ಸಡಿಲಗೊಳ್ಳುತ್ತದೆ, ಎಚ್ಚರವಾದ ಮೇಲೆ ಮರಳುತ್ತದೆ. ಕುತ್ತಿಗೆ ಮತ್ತು ದವಡೆ ತಿರುಚಿಕೊಳ್ಳುವ, ನುಂಗುವುದು ಕಷ್ಟವಾದ ಮಕ್ಕಳಲ್ಲಿ ಉಸಿರಿನ ದಾರಿಯನ್ನು ಕಾಪಾಡುವುದು ನಿಜವಾದ ಸವಾಲು. ಹಾಗಾಗಿ ಮಕ್ಕಳ ಅರಿವಳಿಕೆಯಲ್ಲಿ ಅನುಭವವಿರುವ ವೈದ್ಯರು ಮತ್ತು ತುರ್ತು ನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಇದನ್ನು ಮಾಡಿಸುವುದು ಒಳಿತು. ಬೀದಿಯ ಕೊನೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾಲ್ಕು ಸಾವಿರ ರೂಪಾಯಿ ಉಳಿಯುತ್ತದೆಂಬ ಲೆಕ್ಕಾಚಾರ ಇಲ್ಲಿ ಸಲ್ಲದು.

ಸ್ಕ್ಯಾನಿಗೆ ಮುಂಚೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕೆಂಬುದನ್ನು ಅರಿವಳಿಕೆ ವೈದ್ಯರು ಹೇಳುತ್ತಾರೆ. ಸೆಡೆತ ತಗ್ಗಿಸಲು ಕೊಡುವ ಆ ದಿನದ ಬ್ಯಾಕ್ಲೋಫೆನ್, ಟ್ರೈಹೆಕ್ಸಿಫೆನಿಡಿಲ್‌ನಂತಹ ಔಷಧಗಳನ್ನು ನಿಲ್ಲಿಸಬೇಕೇ ಎಂದು ಅವರನ್ನೇ ಕೇಳಬೇಕು. ‘ಖಾಲಿ ಹೊಟ್ಟೆ’ ಎಂಬ ಮಾತನ್ನು ಔಷಧಕ್ಕೂ ಅನ್ವಯಿಸಿ ಬ್ಯಾಕ್ಲೋಫೆನ್ ಅನ್ನು ದಿಢೀರನೆ ತಪ್ಪಿಸಿದರೆ ಸೆಡೆತ ಉಲ್ಬಣಿಸುವ ಅಪಾಯವಿದೆ.

ಮೆದುಳಿನಲ್ಲಿ ಕಬ್ಬಿಣ ಸೇರಿದೆ ಎಂದರೆ ರಾಗಿ, ಸೊಪ್ಪು, ಬೆಲ್ಲ ನಿಲ್ಲಿಸಬೇಕೇ?

ನಿಲ್ಲಿಸಬಾರದು. ಈ ಪ್ರಶ್ನೆ ಬಹುತೇಕ ಪ್ರತಿ ಮನೆಯಲ್ಲೂ ಏಳುತ್ತದೆ, ಏಳುವುದು ಸಹಜವೂ ಹೌದು. ಮೆದುಳಿನ ಒಂದು ಮೂಲೆಯಲ್ಲಿ ಕಬ್ಬಿಣ ಶೇಖರವಾಗಿರುವುದು ಊಟದಲ್ಲಿ ಕಬ್ಬಿಣ ಹೆಚ್ಚಾದ ಕಾರಣದಿಂದ ಅಲ್ಲ. ಜೀವಕೋಶದ ಒಳಗಿನ ವ್ಯವಸ್ಥೆ ಕೆಟ್ಟಿದ್ದರಿಂದ. ಈ ರೋಗಿಗಳ ರಕ್ತದಲ್ಲಿ ಕಬ್ಬಿಣದ ಮಟ್ಟ ಸಾಮಾನ್ಯವಾಗಿಯೇ ಇರುತ್ತದೆ. ಅಜ್ಜಿ ಮಾಡಿಕೊಡುವ ರಾಗಿ ಅಂಬಲಿಯನ್ನೂ ನುಗ್ಗೆಸೊಪ್ಪಿನ ಸಾರನ್ನೂ ತಪ್ಪಿಸಿದರೆ ಮೆದುಳಿನ ಕಬ್ಬಿಣ ಕರಗುವುದಿಲ್ಲ, ಮಗುವಿಗೆ ರಕ್ತಹೀನತೆ ಮಾತ್ರ ಬರುತ್ತದೆ. ಎಡೆಬಿಡದೆ ಸೆಡೆಯುವ ಮೈ ಅಪಾರ ಶಕ್ತಿ ಖರ್ಚುಮಾಡುತ್ತದೆ, ಇತ್ತ ಅಗಿದು ನುಂಗುವುದು ಕಷ್ಟವಾಗುತ್ತಾ ಹೋಗುತ್ತದೆ. ಹಾಗಾಗಿ ಇಂತಹ ಮಕ್ಕಳಿಗೆ ಬೇಕಾದ್ದು ಹೆಚ್ಚು ಪೋಷಣೆ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಗಟ್ಟಿ ಮುದ್ದೆಗಿಂತ ಮೆತ್ತಗಿನ, ಒಂದೇ ಹದದ ಆಹಾರ ಕ್ಷೇಮ. ತೂಕ ಇಳಿಯುತ್ತಿದ್ದರೆ ಹೊಟ್ಟೆಗೆ ನೇರವಾಗಿ ನಳಿಕೆ ಇಡುವ ವಿಚಾರವನ್ನು ವೈದ್ಯರು ಎತ್ತಿದಾಗ, ಅದನ್ನು ಕೊನೆಗಾಲದ ಸೂಚನೆಯೆಂದು ತಿಳಿಯದೆ ಕಿವಿಗೊಡಬೇಕು.

ಹಾಗಾದರೆ ಕಬ್ಬಿಣವನ್ನು ಹೊರತೆಗೆಯುವ ಔಷಧ ಕೊಟ್ಟರೆ ಗುಣವಾಗಬೇಕಲ್ಲವೇ?

ತರ್ಕ ಸರಿಯಾಗಿದೆ, ಪರೀಕ್ಷಿಸಿಯೂ ನೋಡಿದ್ದಾರೆ. ಪದೇ ಪದೇ ರಕ್ತ ಪಡೆದು ಮೈಯಲ್ಲಿ ಕಬ್ಬಿಣ ಹೆಚ್ಚಾಗುವ ಥಲಸ್ಸೀಮಿಯಾ ಮಕ್ಕಳಿಗೆ ಕೊಡುವ ಡೆಫೆರಿಪ್ರೋನ್ ಎಂಬ ಔಷಧವನ್ನು ಪಿಕೆಎಎನ್ ಇರುವ 88 ಮಂದಿಯಲ್ಲಿ ಹದಿನೆಂಟು ತಿಂಗಳ ಕಾಲ ಪರೀಕ್ಷಿಸಿದ ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ಎಂಆರ್‌ಐನಲ್ಲಿ ಗ್ಲೋಬಸ್ ಪ್ಯಾಲಿಡಸ್‌ನ ಕಬ್ಬಿಣ ಸ್ಪಷ್ಟವಾಗಿ ಇಳಿದಿತ್ತು. ಆದರೆ ಅವರ ಡಿಸ್ಟೋನಿಯಾ ಮುಂದುವರಿದ ವೇಗಕ್ಕೂ ಔಷಧ ಪಡೆಯದವರ ವೇಗಕ್ಕೂ ಇದ್ದ ವ್ಯತ್ಯಾಸ, ಸಂಖ್ಯಾಶಾಸ್ತ್ರದ ಪ್ರಕಾರ ನಂಬಬಹುದಾದಷ್ಟು ದೊಡ್ಡದಾಗಿರಲಿಲ್ಲ.

ಈ ಲೇಖನದ ಓದುಗರು ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಲಿ ಎಂಬುದು ನನ್ನ ಆಸೆ: ಚಿತ್ರ ಸುಧಾರಿಸಿದರೂ ಮಗು ಸುಧಾರಿಸಿರಲಿಲ್ಲ. ಸ್ಕ್ಯಾನ್ ಅಳೆದದ್ದು ಕಬ್ಬಿಣವನ್ನು, ಕಾಯಿಲೆಯ ಮೂಲವಾದ ಕಿಣ್ವದ ಕೊರತೆಯನ್ನಲ್ಲ. ಡೆಫೆರಿಪ್ರೋನ್‌ನಿಂದ ರಕ್ತದ ಬಿಳಿಕಣಗಳು ಅಪಾಯಕಾರಿಯಾಗಿ ಕುಸಿಯುವ ಸಾಧ್ಯತೆಯಿದ್ದು, ಪದೇ ಪದೇ ರಕ್ತಪರೀಕ್ಷೆ ಅನಿವಾರ್ಯ. ತಜ್ಞರ ನಿಗಾ ಇಲ್ಲದೆ ತರಿಸಿಕೊಂಡು ಕೊಡುವಂತಹ ಔಷಧ ಅದಲ್ಲ. ಕೊರತೆಯಾದ ಕಿಣ್ವದ ಮುಂದಿನ ಹೆಜ್ಜೆಯ ವಸ್ತುವನ್ನೇ ಒದಗಿಸುವ ಉದ್ದೇಶದ ಫಾಸ್ಮೆಟ್‌ಪ್ಯಾಂಟೊಟಿನೇಟ್ ಎಂಬ ಔಷಧದ ಪ್ರಯೋಗವೂ 2019ರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಬಿ5 ಜೀವಸತ್ವದ ಮಾತ್ರೆಗಳಿಂದ ಕಾಯಿಲೆ ನಿಲ್ಲುತ್ತದೆಂಬುದಕ್ಕೂ ಪುರಾವೆಯಿಲ್ಲ. ಸದ್ಯ ಕೈಯಲ್ಲಿರುವುದು ಸೆಡೆತ ತಗ್ಗಿಸುವ ಔಷಧಗಳು, ಆಯ್ದ ಸ್ನಾಯುಗಳಿಗೆ ಬೊಟುಲಿನಂ ಚುಚ್ಚುಮದ್ದು, ಫಿಸಿಯೋಥೆರಪಿ, ಮತ್ತು ಕೆಲವರಿಗೆ ಶಸ್ತ್ರಚಿಕಿತ್ಸೆ.

ಪ್ರತಿ ವರ್ಷ ಎಂಆರ್‌ಐ ಮಾಡಿಸುತ್ತಿರಬೇಕೇ?

ಜೀನ್ ಪರೀಕ್ಷೆಯಿಂದ ಕಾಯಿಲೆ ಖಚಿತವಾದ ಮೇಲೆ ಕೇವಲ ‘ಎಷ್ಟು ಮುಂದುವರಿದಿದೆ ನೋಡೋಣ’ ಎಂಬ ಕಾರಣಕ್ಕೆ ಬೇಕಾಗಿಲ್ಲ. ಹುಲಿಯ ಕಣ್ಣಿನ ಗಾತ್ರ ಅಥವಾ ಕಪ್ಪಿನ ಗಾಢತೆ ನೋಡಿ ಮಗು ಎಷ್ಟು ವರ್ಷ ನಡೆಯುತ್ತದೆ ಎಂದು ಯಾರೂ ಹೇಳಲಾರರು. ಹೇಳಿದರೆ ನಂಬಬೇಕಾಗಿಯೂ ಇಲ್ಲ. ಪ್ರತಿ ಸ್ಕ್ಯಾನಿನ ಜೊತೆಗೆ ಒಂದು ಅರಿವಳಿಕೆಯೂ ಇರುತ್ತದೆಂಬುದನ್ನು ಮರೆಯಬಾರದು. ಹೊಸ ಬಗೆಯ ಫಿಟ್ಸ್, ತಲೆಗೆ ಪೆಟ್ಟು, ಶಸ್ತ್ರಚಿಕಿತ್ಸೆಯ ಸಿದ್ಧತೆ ಅಥವಾ ಔಷಧ ಪ್ರಯೋಗದಲ್ಲಿ ಸೇರ್ಪಡೆ ಮುಂತಾದ ನಿರ್ದಿಷ್ಟ ಕಾರಣವಿದ್ದರೆ ಮಾತ್ರ ಮರುಸ್ಕ್ಯಾನ್ ಅರ್ಥಪೂರ್ಣ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಬೇರೆಡೆ. ಸೆಡೆತ ಗಂಟೆಗಟ್ಟಲೆ ಬಿಡದೆ ಹಿಡಿದು, ಜ್ವರ ಏರಿ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದು ತುರ್ತುಸ್ಥಿತಿ. ಆಗ ಹೋಗಬೇಕಾದ್ದು ಸ್ಕ್ಯಾನಿಂಗ್ ಕೊಠಡಿಗಲ್ಲ, ತುರ್ತು ಚಿಕಿತ್ಸಾ ಘಟಕಕ್ಕೆ.

ಡಿಬಿಎಸ್ ಶಸ್ತ್ರಚಿಕಿತ್ಸೆ ಅಥವಾ ಬ್ಯಾಕ್ಲೋಫೆನ್ ಪಂಪ್ ಆದ ಮೇಲೆ ಎಂಆರ್‌ಐ ಮಾಡಿಸಬಹುದೇ?

ಡಿಬಿಎಸ್ ಎಂದರೆ ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗಕ್ಕೆ ಸೂಕ್ಷ್ಮ ತಂತಿಗಳನ್ನಿಟ್ಟು ವಿದ್ಯುತ್ ಮಿಡಿತ ಕೊಡುವ ವಿಧಾನ. ಕೆಲವರಲ್ಲಿ ಇದರಿಂದ ಸೆಡೆತ ಗಮನಾರ್ಹವಾಗಿ ಇಳಿಯುತ್ತದೆ, ಆದರೆ ಕಾಯಿಲೆ ನಿಲ್ಲುವುದಿಲ್ಲ. ಅಳವಡಿಸಿದ ಸಾಧನದ ಮಾದರಿಯನ್ನು ಅವಲಂಬಿಸಿ, ತಯಾರಕರು ವಿಧಿಸಿದ ಷರತ್ತುಗಳೊಳಗೆ ಮಾತ್ರ ಎಂಆರ್‌ಐ ಮಾಡಬಹುದು. ಷರತ್ತು ಮೀರಿದರೆ ತಂತಿಯ ತುದಿ ಬಿಸಿಯಾಗಿ ಮೆದುಳಿಗೆ ಹಾನಿಯಾಗಬಹುದು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧವನ್ನು ನೇರವಾಗಿ ಹರಿಸುವ, ಚರ್ಮದಡಿ ಅಳವಡಿಸಿದ ಬ್ಯಾಕ್ಲೋಫೆನ್ ಪಂಪ್ ಇದ್ದರೆ ಸ್ಕ್ಯಾನಿನ ನಂತರ ಅದು ಮತ್ತೆ ಚಾಲೂ ಆಗಿದೆಯೇ ಎಂದು ತಪಾಸಿಸಲೇಬೇಕು. ಸಾಧನದ ಗುರುತಿನ ಕಾರ್ಡನ್ನು ಆಧಾರ್ ಕಾರ್ಡಿನಂತೆ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

ನಮ್ಮದು ಸೋದರಮಾವನ ಸಂಬಂಧದ ಮದುವೆ. ಅದರಿಂದಲೇ ಹೀಗಾಯಿತೇ?

ಪಿಕೆಎಎನ್ ಬರಬೇಕಾದರೆ ಮಗುವಿಗೆ ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬಂದಿರಬೇಕು. ತಂದೆತಾಯಿಗೆ ತಲಾ ಒಂದು ಸರಿಯಾದ ಪ್ರತಿಯೂ ಇರುವುದರಿಂದ ಅವರು ಆರೋಗ್ಯವಾಗಿಯೇ ಇರುತ್ತಾರೆ. ಅಕ್ಕನ ಮಗಳನ್ನು, ಅತ್ತೆ ಅಥವಾ ಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ಕರ್ನಾಟಕದ ಅನೇಕ ಸಮುದಾಯಗಳಲ್ಲಿದೆ. ಒಂದೇ ಅಜ್ಜ-ಅಜ್ಜಿಯಿಂದ ಹರಿದು ಬಂದ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಇಂತಹ ಮದುವೆಗಳಲ್ಲಿ ಹೆಚ್ಚು. ಹಾಗೆಂದು ಸಂಬಂಧವಿಲ್ಲದವರ ಮಕ್ಕಳಿಗೆ ಇದು ಬರುವುದಿಲ್ಲ ಎಂದೇನಿಲ್ಲ. ಯಾರ ಕಡೆಯಿಂದ ಬಂತು ಎಂದು ಬೀಗರ ನಡುವೆ ನಡೆಯುವ ವಾದಕ್ಕೆ ಇಲ್ಲಿ ಅರ್ಥವೇ ಇಲ್ಲ, ಏಕೆಂದರೆ ಅದು ಎರಡೂ ಕಡೆಯಿಂದ ಬಂದಿದೆ.

ಮುಂದಿನ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಕುಟುಂಬದ ಜೀನ್ ದೋಷ ಯಾವುದೆಂದು ಮೊದಲೇ ಗುರುತಾಗಿದ್ದರೆ ಗರ್ಭಾವಸ್ಥೆಯಲ್ಲೇ ಪರೀಕ್ಷಿಸಬಹುದು. 1994ರ ಪ್ರಸವಪೂರ್ವ ಪತ್ತೆ ಕಾಯಿದೆ ನಿಷೇಧಿಸಿರುವುದು ಭ್ರೂಣದ ಲಿಂಗಪತ್ತೆಯನ್ನು. ಆನುವಂಶಿಕ ಕಾಯಿಲೆಯ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶವಿದೆ. ಭ್ರೂಣದ ಸ್ಕ್ಯಾನಿನಲ್ಲಿ ಪಿಕೆಎಎನ್ ಕಾಣುವುದಿಲ್ಲ, ಆದ್ದರಿಂದ ‘ಐದನೇ ತಿಂಗಳ ಸ್ಕ್ಯಾನ್ ಸರಿಯಿದೆ’ ಎಂಬುದು ಈ ವಿಷಯದಲ್ಲಿ ಭರವಸೆಯಲ್ಲ.

ಚೆನ್ನಾಗಿಯೇ ಇರುವ ತಂಗಿಗೂ ಎಂಆರ್‌ಐ ಮಾಡಿಸಿಬಿಡೋಣವೇ?

ಲಕ್ಷಣಗಳು ಕಾಣಿಸುವ ಮುನ್ನವೇ ಹುಲಿಯ ಕಣ್ಣು ಮೂಡಿದ್ದ ಒಡಹುಟ್ಟಿದವರ ಉದಾಹರಣೆಗಳಿವೆ. ಆದ್ದರಿಂದಲೇ ಈ ಸ್ಕ್ಯಾನನ್ನು ಹಗುರವಾಗಿ ಮಾಡಿಸಬಾರದು. ಆಡಿಕೊಂಡಿರುವ ಮಗುವಿನಲ್ಲಿ, ತಡೆಗಟ್ಟಲು ಔಷಧವಿಲ್ಲದ ಕಾಯಿಲೆಯನ್ನು ಮೊದಲೇ ಪತ್ತೆಹಚ್ಚಿ ಆ ಮನೆ ಏನು ಮಾಡಬೇಕು ಎಂಬುದನ್ನು ಜೆನೆಟಿಕ್ ಕೌನ್ಸೆಲರ್ ಜೊತೆ ಮಾತನಾಡಿ ನಿರ್ಧರಿಸಿದ ಮೇಲೆ ಮುಂದಿನ ಮಾತು. ಪರೀಕ್ಷಿಸಲೇಬೇಕೆಂದಾದರೆ ಸ್ವಲ್ಪ ರಕ್ತದಿಂದ ಆಗುವ ಜೀನ್ ಪರೀಕ್ಷೆ ಎಂಆರ್‌ಐಗಿಂತ ಸರಳ, ಉತ್ತರವೂ ಹೆಚ್ಚು ಸ್ಪಷ್ಟ.

ಹಳೆಯ ಪುಸ್ತಕಗಳಲ್ಲಿ ‘ಹಾಲರ್‌ವೋರ್ಡನ್-ಸ್ಪಾಟ್ಜ್’ ಎಂಬ ಹೆಸರಿದೆ. ಅದೇ ಕಾಯಿಲೆಯೇ?

ಅದೇ. ಜೂಲಿಯಸ್ ಹಾಲರ್‌ವೋರ್ಡನ್ ಮತ್ತು ಹ್ಯೂಗೋ ಸ್ಪಾಟ್ಜ್ ಎಂಬ ಜರ್ಮನ್ ವೈದ್ಯರು 1922ರಲ್ಲಿ ಒಂದೇ ಮನೆಯ ಐವರು ಅಕ್ಕತಂಗಿಯರಲ್ಲಿ ಈ ಕಾಯಿಲೆಯನ್ನು ವಿವರಿಸಿ, ಅವರ ಮೆದುಳಿನಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದ ಭಾಗಗಳನ್ನು ತೋರಿಸಿದ್ದರು. ಮುಂದೆ ನಾಜಿ ಆಡಳಿತ ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಂದಾಗ, ಹಾಗೆ ಸತ್ತವರ ಮೆದುಳುಗಳನ್ನು ಹಾಲರ್‌ವೋರ್ಡನ್ ತಮ್ಮ ಸಂಶೋಧನೆಗೆ ಪಡೆದುಕೊಂಡರು. ಅದು ನಡೆದ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಸ್ಪಾಟ್ಜ್. ಜೀನ್ ಪತ್ತೆಯಾದ ಮೇಲೆ ಆ ಹೆಸರನ್ನು ಕೈಬಿಟ್ಟು ಪಿಕೆಎಎನ್ ಎಂದು ಕರೆಯುವುದು ರೂಢಿಗೆ ಬಂತು. ಕೊಲೆಯಾದ ಅಂಗವಿಕಲ ಮಕ್ಕಳ ಮೆದುಳನ್ನು ಬಯಸಿದವರ ಹೆಸರನ್ನು ಇನ್ನೊಂದು ಅಂಗವಿಕಲ ಮಗುವಿನ ಚೀಟಿಯ ಮೇಲೆ ಬರೆಯುವುದು ಯಾರಿಗೂ ಒಪ್ಪುವ ಮಾತಲ್ಲ. ಹಳೆಯ ವರದಿಗಳಲ್ಲಿ ಆ ಹೆಸರಿದ್ದರೆ ಎರಡನ್ನೂ ಒಂದೇ ಎಂದು ತಿಳಿದರೆ ಸಾಕು.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು? ಹೋಗುವಾಗ ಏನು ಒಯ್ಯಬೇಕು?

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ನರಚಿತ್ರಣ ವಿಭಾಗಗಳು ಒಂದೇ ಆವರಣದಲ್ಲಿವೆ. ಜೀನ್ ಪರೀಕ್ಷೆ ಮತ್ತು ಸಮಾಲೋಚನೆಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ.

ಒಯ್ಯಬೇಕಾದ್ದು ವರದಿಯ ಹಾಳೆ ಮತ್ತು ಫಿಲ್ಮ್ ಮಾತ್ರವಲ್ಲ, ಸ್ಕ್ಯಾನಿನ ಸಿಡಿಯನ್ನು. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳು ಅಂಚೆಚೀಟಿಯ ಗಾತ್ರದಲ್ಲಿ ಅಚ್ಚಾಗಿರುತ್ತವೆ. ಸಿಡಿಯಲ್ಲಿ ಎಲ್ಲ ಚಿತ್ರಗಳೂ ಇರುವುದರಿಂದ ಹೊಸ ವೈದ್ಯರು ಬೇಕಾದ್ದನ್ನು ಹಿಗ್ಗಿಸಿ ನೋಡಬಹುದು, ಅನೇಕ ಸಲ ಮರುಸ್ಕ್ಯಾನ್ ತಪ್ಪುತ್ತದೆ. ಅದರ ಜೊತೆಗೆ ಮಗು ಮೊದಲು ನಡೆದ ವಯಸ್ಸು, ಮೊದಲು ಎಡವಲು ತೊಡಗಿದ ವಯಸ್ಸು, ಈಗ ಕೊಡುತ್ತಿರುವ ಔಷಧಗಳ ಪ್ರಮಾಣ, ಮತ್ತು ಸೆಡೆತ ಬಂದಾಗ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ ಇದ್ದರೆ ಒಳ್ಳೆಯದು. ವೈದ್ಯರ ಕೊಠಡಿಯೊಳಗೆ ಕಾಲಿಟ್ಟ ಕ್ಷಣದಲ್ಲಿ ಮಗು ಶಾಂತವಾಗಿಬಿಡುವುದು ಹೊಸದೇನಲ್ಲ.